ಮಕ್ಕಳಿರುವ ದೇಶಕ್ಕೆ ಕಾಯಮ್ಮಾಗಿ ಹೋಗುವ ಮೊದಲು

ನಮ್ಮ ವಾಚನಾಲಯಕ್ಕೆ ಸಂಜೆಯ ಹೊತ್ತು ಬರುವ ಹಿರಿಯರಲ್ಲಿ ಈಚೆಗೆ ಒಂದು ಪ್ರಶ್ನೆ ಪದೇ ಪದೇ ಕೇಳಿಬರುತ್ತಿದೆ. ಮಗ ಅಮೇರಿಕದಲ್ಲಿ ಪೌರನಾಗಿದ್ದಾನೆ, ಅಥವಾ ಮಗಳು ಆಗಿದ್ದಾಳೆ. "ಇನ್ನು ಅಲ್ಲಿ ಇಬ್ಬರೇ ಯಾಕಿರುತ್ತೀರಿ, ಎಲ್ಲ ಮಾರಿ ಬಂದುಬಿಡಿ" ಎನ್ನುತ್ತಾರೆ. ಹೋಗೋಣವೇ, ಬೇಡವೇ? ಊರು ಬಿಟ್ಟು ಬಂದು ಗಿರಣಿಯಲ್ಲೋ, ಹೋಟೆಲಿನಲ್ಲೋ, ಕಚೇರಿಯ ಗುಮಾಸ್ತಿಕೆಯಲ್ಲೋ ಮೂವತ್ತು ಮೂವತ್ತೈದು ವರ್ಷ ದುಡಿದು ಮಕ್ಕಳನ್ನು ಓದಿಸಿದವರಿಗೆ ಇದು ಎರಡನೆಯ ವಲಸೆ. ಮೊದಲನೆಯದನ್ನು ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದುಕೊಂಡು ಮಾಡಿದವರೇ ನಾವೆಲ್ಲ. ಆಗ ಕಳೆದುಕೊಳ್ಳುವುದಕ್ಕೆ ಹೆಚ್ಚೇನೂ ಇರಲಿಲ್ಲ. ಈಗ ಪಿಂಚಣಿ ಉಂಟು, ಖೋಲಿಯೋ ಫ್ಲ್ಯಾಟೋ ಉಂಟು, ಬ್ಯಾಂಕಿನಲ್ಲಿ ನಾಲ್ಕು ಕಾಸು ಉಂಟು, ಅದರ ಜೊತೆಗೆ ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಉಂಟು. ಆದುದರಿಂದ ಹೊರಡುವ ಮೊದಲು ಕೆಲವು ವಿಷಯಗಳನ್ನು ತಿಳಿದುಕೊಂಡಿರುವುದು ಅವಶ್ಯ. ಹೆಚ್ಚಿನವರ ಮಕ್ಕಳು ಅಮೇರಿಕದಲ್ಲಿಯೇ ಇರುವುದರಿಂದ ಆ ದೇಶವನ್ನೇ ಮುಖ್ಯವಾಗಿ ಇಟ್ಟುಕೊಂಡು ಇಲ್ಲಿ ಬರೆಯುತ್ತೇವೆ.

ಮೊದಲು ಹಕ್ಕಿನ ಮಾತು. ಅಮೇರಿಕಕ್ಕೆ ಭಾರತೀಯರು ನೆಲಸಲು ಹೋಗುವುದು ಹಿಂದೆ ಸುಲಭವಾಗಿರಲಿಲ್ಲ. 1946ರ ಕಾಯ್ದೆಯಂತೆ ವರ್ಷಕ್ಕೆ 100 ಮಂದಿ ಭಾರತೀಯರಿಗೆ ಮಾತ್ರ ಅವಕಾಶವಿತ್ತು. 1965ರ ವಲಸೆ ಕಾಯ್ದೆ ಆ ಬಾಗಿಲನ್ನು ತೆರೆಯಿತು. ಅಲ್ಲಿನ ಪೌರರ ತಂದೆತಾಯಿಗಳನ್ನು ಸಂಖ್ಯೆಯ ಮಿತಿಯಿಂದಲೇ ಹೊರಗಿಟ್ಟಿತು. ಇಂದಿಗೂ ಆ ನಿಯಮವೇ ನಡೆಯುತ್ತಿದೆ. ಆದರೆ ಕರೆಸುವ ಮಗ ಅಥವಾ ಮಗಳು ಅಲ್ಲಿನ ಪೌರರೇ ಆಗಿರಬೇಕು, 21 ವರ್ಷ ತುಂಬಿರಬೇಕು. ಕೇವಲ ಗ್ರೀನ್ ಕಾರ್ಡು ಹೊಂದಿರುವ ಮಗ ತಂದೆತಾಯಿಗಳನ್ನು ಕಾಯಮ್ಮಾಗಿ ಕರೆಸಲಾರ. ಕೆಲಸದ ವೀಸಾದ ಮೇಲಿರುವವನ ಮಾತಂತೂ ದೂರವೇ ಉಳಿಯಿತು. "ಹುಡುಗ ಹತ್ತು ವರ್ಷದಿಂದ ಅಲ್ಲಿದ್ದಾನೆ" ಎಂದರೆ ಸಾಲದು. ಅವನ ಕೈಯಲ್ಲಿರುವ ಕಾಗದ ಯಾವುದು ಎಂದು ಮೊದಲು ಕೇಳಿಕೊಳ್ಳಬೇಕು.

ತಂದೆಗೆ ಒಂದು, ತಾಯಿಗೆ ಒಂದು ಹೀಗೆ ಎರಡು ಬೇರೆ ಬೇರೆ ಅರ್ಜಿಗಳನ್ನು ಮಗ ಹಾಕಬೇಕಾಗುತ್ತದೆ. ಇಲ್ಲಿ ಹಲವರಿಗೆ ತಿಳಿಯದ ಒಂದು ಸಂಗತಿಯಿದೆ. ಈ ಅರ್ಜಿಯ ಬಾಲ ಹಿಡಿದು ಬೇರೆ ಯಾರೂ ಹೋಗುವಂತಿಲ್ಲ. ಮನೆಯಲ್ಲಿ ಮದುವೆಯಾಗದ ಮಗಳಿದ್ದರೆ, ಅಂಗವಿಕಲನಾದ ಮಗನಿದ್ದರೆ, ತಂದೆತಾಯಿಗಳ ಜೊತೆಗೆ ಅವರಿಗೆ ಕಾರ್ಡು ಸಿಕ್ಕುವುದಿಲ್ಲ. ಅಣ್ಣನು ತಂಗಿಯನ್ನು ಬೇರೆ ವರ್ಗದಲ್ಲಿ ಕರೆಸಬೇಕು. ಆ ಸಾಲಿನಲ್ಲಿ ಭಾರತೀಯರು ಹದಿನೈದು ವರ್ಷಕ್ಕೂ ಮಿಗಿಲಾಗಿ ಕಾಯುತ್ತಿದ್ದಾರೆ. ತಂದೆತಾಯಿಗಳು ಹೋಗಿ ಕಾರ್ಡು ಪಡೆದ ಮೇಲೆ ಮದುವೆಯಾಗದ ಮಗಳಿಗಾಗಿ ತಾವೇ ಅರ್ಜಿ ಹಾಕಬಹುದು, ಆದರೆ ಅದಕ್ಕೂ ವರ್ಷಗಟ್ಟಲೆ ಕಾಯಬೇಕು. ಅಷ್ಟು ಕಾಲ ಆ ಹುಡುಗಿ ಇಲ್ಲಿ ಯಾರ ಜೊತೆಗಿರಬೇಕು? ಈ ಪ್ರಶ್ನೆಗೆ ಉತ್ತರವಿಲ್ಲದ ಮನೆಯವರು ಅರ್ಜಿಯ ಯೋಚನೆಯನ್ನು ಅಲ್ಲಿಗೇ ನಿಲ್ಲಿಸುವುದು ಮೇಲೆಂದು ನಮಗೆ ತೋರುತ್ತದೆ.

ಅರ್ಜಿಯ ಜೊತೆಗೆ ಮಗನು ಪೋಷಣೆಯ ಮುಚ್ಚಳಿಕೆಯೊಂದನ್ನು ಬರೆದುಕೊಡಬೇಕು. ಅಲ್ಲಿನ ಸರಕಾರ ಪ್ರತಿವರ್ಷ ಬಡತನದ ರೇಖೆ ಎಂದು ಒಂದು ಮೊತ್ತವನ್ನು ಗೊತ್ತುಮಾಡುತ್ತದೆ. ಮಗನ ವರಮಾನ ಅದರ ಒಂದೂಕಾಲು ಪಾಲಾದರೂ ಇರಬೇಕು. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ತಾವಿಬ್ಬರು, ಒಟ್ಟು ಆರು ಜನರಿದ್ದರೆ 2025ರ ಲೆಕ್ಕದಲ್ಲಿ ಅದು ವರ್ಷಕ್ಕೆ ಸುಮಾರು 54 ಸಾವಿರ ಡಾಲರು. ಇದು ಬರಿಯ ಕಾಗದದ ಮಾತಲ್ಲ. ತಂದೆತಾಯಿಗಳು ಪೌರರಾಗುವ ತನಕ, ಇಲ್ಲವೆ ಅಲ್ಲಿ ಹತ್ತು ವರ್ಷದಷ್ಟು ದುಡಿಮೆಯ ಲೆಕ್ಕ ಮುಗಿಸುವ ತನಕ, ಇಲ್ಲವೆ ದೇಶ ಬಿಟ್ಟು ಕಾಯಮ್ಮಾಗಿ ಹೊರಡುವ ಅಥವಾ ತೀರಿಕೊಳ್ಳುವ ತನಕ ಆ ಹೊಣೆ ಅವನ ತಲೆಯ ಮೇಲೆಯೇ ಇರುತ್ತದೆ. ವೀಸಾ ಕೊಡುವ ಅಧಿಕಾರಿ ಹಿರಿಯರ ವಯಸ್ಸು, ಆರೋಗ್ಯ, ಆಸ್ತಿ ಇವುಗಳನ್ನೂ ತೂಗಿ ನೋಡಬಹುದು.

ಭೇಟಿಯ ವೀಸಾದಲ್ಲಿ ಹೋಗಿ ಅಲ್ಲಿಯೇ ಉಳಿದುಬಿಟ್ಟರಾಯಿತು ಎಂಬ ಸಲಹೆಯನ್ನು ಕೊಡುವವರೂ ಇದ್ದಾರೆ. ಭೇಟಿಯ ವೀಸಾಕ್ಕೆ ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳ ಇರವು ಸಿಕ್ಕುತ್ತದೆ. ಗಡಿಯ ಅಧಿಕಾರಿಯ ಮುಂದೆ "ನೋಡಿ ಬರಲು ಬಂದಿದ್ದೇವೆ" ಎಂದು ಹೇಳಿ ಮನಸ್ಸಿನಲ್ಲಿ ಕಾಯಂ ವಾಸದ ಯೋಚನೆಯಿಟ್ಟುಕೊಳ್ಳುವುದು ಅಲ್ಲಿನ ಕಾನೂನಿನಲ್ಲಿ ಸುಳ್ಳು ಹೇಳಿದ ಹಾಗೆ. ಅವಧಿ ಮೀರಿ 180 ದಿನಕ್ಕಿಂತ ಹೆಚ್ಚು ಉಳಿದು ಹೊರಬಿದ್ದವರಿಗೆ 3 ವರ್ಷ, ಒಂದು ವರ್ಷವೋ ಅದಕ್ಕೂ ಹೆಚ್ಚೋ ಉಳಿದವರಿಗೆ 10 ವರ್ಷ ಬಾಗಿಲು ಮುಚ್ಚುತ್ತದೆ. ಅರವತ್ತೈದರ ವಯಸ್ಸಿನಲ್ಲಿ ಹತ್ತು ವರ್ಷವೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಔಷಧೋಪಚಾರ. ಇಡೀ ವಿಷಯದಲ್ಲಿ ಅತಿ ಭಾರವಾದದ್ದು ಇದೇ. ಇದನ್ನು ಹಗುರವಾಗಿ ತೆಗೆದುಕೊಂಡ ಮನೆಗಳಲ್ಲಿ ಮಗನ ಉಳಿತಾಯವೇ ಕರಗಿಹೋಗುವ ಸಂಭವವಿದೆ. ಅಮೇರಿಕದಲ್ಲಿ ಮುದುಕರಿಗೆ ಸರಕಾರದ ವಿಮೆಯೊಂದಿದೆ, ಅದರ ಹೆಸರು ಮೆಡಿಕೇರ್. 65 ವರ್ಷ ತುಂಬಿದವರಿಗೆಲ್ಲ ಅದು ಸಿಕ್ಕುತ್ತದೆ ಎಂಬ ನಂಬಿಕೆ ನಮ್ಮವರಲ್ಲಿದೆ. ಹೊಸದಾಗಿ ಹೋದವರಿಗೆ ಹಾಗಲ್ಲ. ಗ್ರೀನ್ ಕಾರ್ಡು ಪಡೆದು ಐದು ವರ್ಷ ಎಡೆಬಿಡದೆ ಅಲ್ಲಿ ವಾಸಮಾಡಿದ ಮೇಲೆ ಮಾತ್ರ ಅದನ್ನು ಕೊಳ್ಳಬಹುದು. "ಕೊಳ್ಳಬಹುದು" ಎಂಬ ಮಾತನ್ನು ಗಮನಿಸಬೇಕು. ಅಲ್ಲಿ ಹತ್ತು ವರ್ಷ ದುಡಿದು ತೆರಿಗೆ ಕಟ್ಟಿದವರಿಗೆ ಆಸ್ಪತ್ರೆಯ ಭಾಗ ಪುಕ್ಕಟೆ. ದುಡಿಯದೆ ಹೋದ ತಂದೆತಾಯಿಗಳಿಗೆ ಕಂತು ಉಂಟು. 2025ರಲ್ಲಿ ಆಸ್ಪತ್ರೆಯ ಭಾಗಕ್ಕೆ ತಿಂಗಳಿಗೆ 518 ಡಾಲರು, ವೈದ್ಯರ ಭಾಗಕ್ಕೆ 185 ಡಾಲರು ಇತ್ತು. ಒಬ್ಬರಿಗೆ 703, ದಂಪತಿಗಳಿಗೆ 1,406 ಡಾಲರು, ಅದೂ ಪ್ರತಿ ತಿಂಗಳು. ನಮ್ಮ ಪಿಂಚಣಿಯ ರೂಪಾಯಿಗಳನ್ನು ಡಾಲರಿಗೆ ತಿರುಗಿಸಿ ಈ ಲೆಕ್ಕದ ಪಕ್ಕದಲ್ಲಿ ಬರೆದು ನೋಡಿದರೆ ಯಾರ ಕೈಯಿಂದ ಯಾರ ಖರ್ಚು ನಡೆಯುತ್ತದೆಂಬುದು ತಿಳಿಯುತ್ತದೆ. ಅರ್ಹತೆ ಬಂದ ಕೂಡಲೇ ಸೇರದೆ ತಡಮಾಡಿದವರಿಗೆ, ವೈದ್ಯರ ಭಾಗದ ಕಂತು ಪ್ರತಿ ಹನ್ನೆರಡು ತಿಂಗಳ ವಿಳಂಬಕ್ಕೆ ನೂರಕ್ಕೆ ಹತ್ತರಂತೆ ಏರುತ್ತದೆ. ಆ ಏರಿಕೆ ಮತ್ತೆ ಇಳಿಯುವುದಿಲ್ಲ.

ಮೊದಲ ಐದು ವರ್ಷದ ಗತಿ ಏನು? ಖಾಸಗಿ ವಿಮೆಯನ್ನು ಅಲ್ಲಿನ ವಿಮಾ ಮಾರುಕಟ್ಟೆಯಲ್ಲಿ ಕೊಳ್ಳಬಹುದು. ಗ್ರೀನ್ ಕಾರ್ಡಿನವರಿಗೆ ಅದರ ಹಕ್ಕಿದೆ, ಮೊದಲೇ ಇದ್ದ ಕಾಯಿಲೆಯ ನೆಪದಿಂದ ಅವರನ್ನು ಬಿಡುವಂತಿಲ್ಲ. ಆದರೆ ಅರವತ್ತು ದಾಟಿದವರಿಗೆ ಕಂತು ದೊಡ್ಡದು. ರಾಜ್ಯದಿಂದ ರಾಜ್ಯಕ್ಕೆ ಬೆಲೆಯೂ ಬೇರೆ. ಮಗನ ಕಚೇರಿಯ ವಿಮೆಯಲ್ಲಿ ತಂದೆತಾಯಿಗಳನ್ನು ಸೇರಿಸುವ ಪದ್ಧತಿ ಅಲ್ಲಿ ಸಾಮಾನ್ಯವಾಗಿ ಇಲ್ಲ. ನಮ್ಮಲ್ಲಿನ ಕಂಪನಿಗಳಲ್ಲಿ ಇರುವುದನ್ನು ನೋಡಿ ಅಲ್ಲಿಯೂ ಇದ್ದೀತೆಂದು ಎಣಿಸಬಾರದು. ಪ್ರವಾಸಿಗಳಿಗೆಂದು ಮಾರುವ ಅಗ್ಗದ ವಿಮೆಗಳು ಬಹುಮಟ್ಟಿಗೆ ಹಳೆಯ ಕಾಯಿಲೆಗಳನ್ನು ಹೊರಗಿಡುತ್ತವೆ. ನಮ್ಮ ವಯಸ್ಸಿನವರಲ್ಲಿ ಹಳೆಯದಲ್ಲದ ಕಾಯಿಲೆ ಯಾವುದು!

ಮೆಡಿಕೇರ್ ಬಂದ ಮೇಲೂ ಎಲ್ಲವೂ ಅದರೊಳಗಿಲ್ಲ. ಹಲ್ಲು, ಕನ್ನಡಕ, ಕಿವಿಯ ಯಂತ್ರ ಇವು ಬಹುಮಟ್ಟಿಗೆ ಹೊರಗೆ. ಹಾಸಿಗೆ ಹಿಡಿದವರನ್ನು ವರ್ಷಾನುಗಟ್ಟಲೆ ನೋಡಿಕೊಳ್ಳುವ ಖರ್ಚೂ ಹೊರಗೆ. ಆದುದರಿಂದ ಹೊರಡುವುದು ನಿಶ್ಚಯವಾದರೆ ಹಲ್ಲಿನ ಕೆಲಸ, ಕಣ್ಣಿನ ಪೊರೆಯ ಶಸ್ತ್ರಕ್ರಿಯೆ ಮುಂತಾದವನ್ನು ಇಲ್ಲಿಯೇ ಮುಗಿಸಿಕೊಳ್ಳುವುದು ಜಾಣತನ. ವೈದ್ಯರ ಹಳೆಯ ಚೀಟಿಗಳು, ಪರೀಕ್ಷೆಯ ವರದಿಗಳು ಇವನ್ನೆಲ್ಲ ಒಂದು ಕಟ್ಟಾಗಿ ಒಯ್ಯಬೇಕು. ಮಾತ್ರೆಗಳನ್ನು ಡಬ್ಬಿಗೆ ಸುರಿದುಕೊಳ್ಳದೆ ಅಂಗಡಿಯ ಮೂಲ ಪಟ್ಟಿಯಲ್ಲಿಯೇ, ವೈದ್ಯರ ಚೀಟಿಯೊಡನೆ ಒಯ್ಯತಕ್ಕದ್ದು. ಸುಮಾರು ಮೂರು ತಿಂಗಳಿಗಾಗುವಷ್ಟು ಸಾಕು.

ಇಲ್ಲಿಯ ವಿಮೆಯನ್ನು ಏನು ಮಾಡಬೇಕು ಎಂದು ಕೇಳುವವರಿಗೆ ನಮ್ಮ ಸಲಹೆ ಸ್ಪಷ್ಟ: ನಿಲ್ಲಿಸಬೇಡಿ. ಭಾರತದ ಸಾಧಾರಣ ಆರೋಗ್ಯ ವಿಮೆ ಹೊರದೇಶದ ಚಿಕಿತ್ಸೆಗೆ ಒದಗುವುದಿಲ್ಲ, ನಿಜ. ಆದರೂ ಮೂರು ವರ್ಷದ ಮೇಲೆ ಮನಸ್ಸು ತಿರುಗಿ ಹಿಂದಕ್ಕೆ ಬಂದರೆ ಹೊಸ ಪಾಲಿಸಿಯಲ್ಲಿ ಹಳೆಯ ಕಾಯಿಲೆಗಳಿಗೆ ಮತ್ತೆ 36 ತಿಂಗಳವರೆಗೆ ಕಾಯಬೇಕಾದೀತು. 2024ರಲ್ಲಿ ಆ ಮಿತಿಯನ್ನು 48ರಿಂದ 36 ತಿಂಗಳಿಗೆ ಇಳಿಸಿದರು, ಅಷ್ಟೇ. ಅದೇ ವರ್ಷದ ಅಕ್ಟೋಬರಿನಲ್ಲಿ 70 ವರ್ಷ ಮೀರಿದವರಿಗೆ ವರಮಾನದ ಲೆಕ್ಕವಿಲ್ಲದೆ ಐದು ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಕೊಡುವ ಆಯುಷ್ಮಾನ್ ಭಾರತ ಯೋಜನೆಯೂ ಬಂದಿದೆ. ಅದೂ ದೇಶದೊಳಗಿನ ಆಸ್ಪತ್ರೆಗಳಿಗೇ.

ಈಗ ಮನೆಯ ಪ್ರಶ್ನೆ. ಮುಂಬಯಿಯ ಹಳೆಯ ಚಾಳುಗಳಲ್ಲಿ ಪಗಡಿಯ ಖೋಲಿ ಇಟ್ಟುಕೊಂಡಿರುವ ಕನ್ನಡಿಗರು ಇಂದಿಗೂ ಇದ್ದಾರೆ. ಬೀಗ ಹಾಕಿ ಹೋದರಾಯಿತು, ಖೋಲಿ ಎಲ್ಲಿಗೆ ಓಡಿಹೋಗುತ್ತದೆ ಎಂದು ಅವರು ತಿಳಿದಿರುತ್ತಾರೆ. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯಲ್ಲಿ ಒಂದು ಕಲಮು ಇದೆ: ದಾವೆ ಹೂಡುವ ದಿನಕ್ಕೆ ಹಿಂದಿನ ಆರು ತಿಂಗಳು ಎಡೆಬಿಡದೆ, ಸಕಾರಣವಿಲ್ಲದೆ, ಬಾಡಿಗೆದಾರನು ಜಾಗವನ್ನು ಉಪಯೋಗಿಸದೆ ಇದ್ದರೆ ಮಾಲೀಕನು ಖಾಲಿ ಮಾಡಿಸಲು ಕೋರ್ಟಿಗೆ ಹೋಗಬಹುದು. ಕಾಯಮ್ಮಾಗಿ ವಿದೇಶಕ್ಕೆ ಹೋದದ್ದು ಸಕಾರಣವಾಗುವುದೆಂದು ನಂಬಿ ಕೂರುವುದು ಕಷ್ಟ. ಕಟ್ಟಡವನ್ನು ಹೊಸದಾಗಿ ಕಟ್ಟುವ ಮಾತು ನಡೆಯುತ್ತಿರುವ ಚಾಳಾದರೆ ಆ ಒಂದು ಬೀಗದ ಬೆಲೆ ಇಡೀ ಜನ್ಮದ ಗಳಿಕೆಗಿಂತ ದೊಡ್ಡದಾಗಿರಬಹುದು. ಇಂಥವರು ಹೊರಡುವ ಮೊದಲು ವಕೀಲರೊಬ್ಬರನ್ನು ಕಂಡು, ಜೊತೆಯಲ್ಲಿಯೇ ವಾಸಿಸುತ್ತಿರುವ ಕುಟುಂಬದವರು ಯಾರಾದರೂ ಇದ್ದರೆ ಅವರ ಹೆಸರಿನ ದಾಖಲೆಗಳನ್ನು ಸರಿಮಾಡಿಸಿಕೊಳ್ಳತಕ್ಕದ್ದು.

ಸ್ವಂತ ಫ್ಲ್ಯಾಟು ಇದ್ದವರ ಪರಿಸ್ಥಿತಿ ಇಷ್ಟು ಬಿಗಿಯಾದುದಲ್ಲ. ಹೊರದೇಶಕ್ಕೆ ಹೋದರೂ ಇಲ್ಲಿ ಕೊಂಡ ಮನೆ ನಮ್ಮದೇ. ಊರಿನ ಪಿತ್ರಾರ್ಜಿತ ಹೊಲಗದ್ದೆಯೂ ನಮ್ಮದೇ. ಹೊಸದಾಗಿ ಕೃಷಿಭೂಮಿ ಕೊಳ್ಳುವುದಕ್ಕೆ ಮಾತ್ರ ಅನಿವಾಸಿಗಳಿಗೆ ಅವಕಾಶವಿಲ್ಲ. ಫ್ಲ್ಯಾಟನ್ನು ಬಾಡಿಗೆಗೆ ಕೊಡುವುದಾದರೆ ಮಹಾರಾಷ್ಟ್ರದಲ್ಲಿ ಕರಾರುಪತ್ರವನ್ನು ನೋಂದಾಯಿಸಲೇಬೇಕು, ಆ ಜವಾಬ್ದಾರಿ ಮಾಲೀಕನದು. ಸೊಸಾಯಿಟಿಯವರು ಮಾಲೀಕನು ವಾಸವಿಲ್ಲದ ಕಾರಣಕ್ಕೆ ಹೆಚ್ಚುವರಿ ಹಣ ಕೇಳುತ್ತಾರೆ. ಸರಕಾರದ 2001ರ ಆದೇಶದಂತೆ ಅದು ಸೇವಾಶುಲ್ಕದ ನೂರಕ್ಕೆ ಹತ್ತನ್ನು ಮೀರುವಂತಿಲ್ಲ. ಮಾಲೀಕರು ಅನಿವಾಸಿಯಾದರೆ ಬಾಡಿಗೆದಾರನೇ ಬಾಡಿಗೆಯಿಂದ ತೆರಿಗೆ ಹಿಡಿದು ಸರಕಾರಕ್ಕೆ ಕಟ್ಟಬೇಕು. ಅನೇಕ ಬಾಡಿಗೆದಾರರಿಗೆ ಇದು ಗೊತ್ತೇ ಇರುವುದಿಲ್ಲ. ಚೆನ್ನೈ, ಹೈದರಾಬಾದುಗಳಲ್ಲಿ ನಿವೇಶನ ಇಟ್ಟುಕೊಂಡವರು ವರ್ಷಕ್ಕೊಮ್ಮೆ ಋಣಭಾರ ಪತ್ರವನ್ನು ತೆಗೆಸಿ ನೋಡುತ್ತಿರಬೇಕು. ಖಾಲಿ ನಿವೇಶನಕ್ಕೆ ಕಳ್ಳರು ಬೀಗ ಮುರಿದು ಬರುವುದಿಲ್ಲ, ಕಾಗದ ಹಿಡಿದು ಬರುತ್ತಾರೆ.

ಮಾರಿಬಿಡುವುದೇ ಒಳ್ಳೆಯದೇ? ಇದರಲ್ಲಿ ತೆರಿಗೆ ಒಂದು ಹೇಳುತ್ತದೆ, ವಿವೇಕ ಇನ್ನೊಂದು ಹೇಳುತ್ತದೆ. ಭಾರತದ ನಿವಾಸಿಯಾಗಿದ್ದಾಗಲೇ ಮಾರಿದರೆ, 2024ರ ಜುಲೈ 23ಕ್ಕೆ ಮೊದಲು ಕೊಂಡ ಮನೆಯ ಲಾಭದ ಮೇಲೆ ನೂರಕ್ಕೆ ಹನ್ನೆರಡೂವರೆಯ ತೆರಿಗೆಯನ್ನೋ, ಬೆಲೆಯೇರಿಕೆಯ ವಜಾ ಸಹಿತ ನೂರಕ್ಕೆ ಇಪ್ಪತ್ತರ ಲೆಕ್ಕವನ್ನೋ, ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು. ಅನಿವಾಸಿಗೆ ಆ ಆಯ್ಕೆಯಿಲ್ಲ. ಅಲ್ಲದೆ ಅನಿವಾಸಿಯಿಂದ ಕೊಳ್ಳುವವನು ದೊಡ್ಡ ಮೊತ್ತವನ್ನು ತೆರಿಗೆಯೆಂದು ಹಿಡಿದುಕೊಳ್ಳಬೇಕಾಗುತ್ತದೆ. ಅದನ್ನು ತಗ್ಗಿಸಲು ಆದಾಯ ತೆರಿಗೆ ಇಲಾಖೆಯಿಂದ ಮುಂಚಿತವಾಗಿ ಪ್ರಮಾಣಪತ್ರ ತರಬೇಕು. ಗ್ರೀನ್ ಕಾರ್ಡು ಬಂದ ಮೇಲೆ ಮಾರಿದರೆ ಅಮೇರಿಕ ಸರಕಾರವೂ ಲಾಭದ ಲೆಕ್ಕ ಕೇಳುತ್ತದೆ. ನಮ್ಮಲ್ಲಿ ಹಳೆಯ ಮನೆಗೆ 2001ರ ಏಪ್ರಿಲ್ 1ರ ಬೆಲೆಯನ್ನು ಮೂಲಬೆಲೆಯೆಂದು ಹಿಡಿಯುವ ಸವಲತ್ತು ಇದೆ. ಅಲ್ಲಿಯವರಿಗೆ ಆ ತಾರೀಕು ಗೊತ್ತಿಲ್ಲ, 1980ರಲ್ಲಿ ಕೊಂಡ ಬೆಲೆಯನ್ನೇ ನೋಡುತ್ತಾರೆ.

ಇಷ್ಟನ್ನು ಓದಿ ನಾಳೆಯೇ ದಲಾಲಿಯನ್ನು ಕರೆಯಬೇಕಾಗಿಲ್ಲ. ಮಾರುವ ದಿನಕ್ಕೆ ಹಿಂದಿನ ಐದು ವರ್ಷಗಳಲ್ಲಿ ಎರಡು ವರ್ಷವಾದರೂ ತಾವು ವಾಸವಾಗಿದ್ದ ಸ್ವಂತ ಮನೆಯ ಲಾಭದಲ್ಲಿ, ಒಬ್ಬರಿಗೆ ಎರಡೂವರೆ ಲಕ್ಷ, ಕೂಡಿ ಲೆಕ್ಕ ಸಲ್ಲಿಸುವ ದಂಪತಿಗಳಿಗೆ ಐದು ಲಕ್ಷ ಡಾಲರಿನವರೆಗೆ ಅಮೇರಿಕದ ತೆರಿಗೆ ವಿನಾಯಿತಿ ಉಂಟು. ಎಂದರೆ ಇಲ್ಲಿಂದ ಹೊರಟ ಮೇಲೆ ಸುಮಾರು ಮೂರು ವರ್ಷ ಯೋಚಿಸಲು ಸಮಯ ಸಿಕ್ಕಿದಂತಾಯಿತು. ಆ ಮೂರು ವರ್ಷದಲ್ಲಿ ಅಲ್ಲಿಯ ಜೀವನ ಒಗ್ಗುತ್ತದೋ ಇಲ್ಲವೋ ಗೊತ್ತಾಗಿಬಿಡುತ್ತದೆ. ಮನೆಯಿದ್ದರೆ ಹಿಂದಕ್ಕೆ ಬರುವ ದಾರಿಯಿದೆ. ಮಾರಿ ಹಣವನ್ನೆಲ್ಲ ಮಗನ ಮನೆಯ ಸಾಲಕ್ಕೆ ಸುರಿದ ಮೇಲೆ ಹಿಂದಕ್ಕೆ ಬರುವುದೆಂದರೆ ಮುಂಬಯಿಯಲ್ಲಿ ಮತ್ತೆ ಬಾಡಿಗೆಯ ಖೋಲಿ ಹುಡುಕುವುದು. ಹೆಚ್ಚು ತೆರಿಗೆ ಬಿದ್ದರೂ ಚಿಂತೆಯಿಲ್ಲ, ಮೊದಲ ಎರಡು ವರ್ಷ ಮನೆಯನ್ನು ಮಾರಬೇಡಿ ಎಂದೇ ನಾವು ಹೇಳುತ್ತೇವೆ.

ಮನೆ ನೋಡಿಕೊಳ್ಳಲು ನೆಂಟರಿಗೆ ಮುಖ್ತಿಯಾರು ಪತ್ರ ಕೊಡುವ ರೂಢಿ ಉಂಟು. ಎಲ್ಲ ಅಧಿಕಾರವನ್ನೂ ಒಟ್ಟಿಗೆ ಕೊಡುವ ಸಾಮಾನ್ಯ ಮುಖ್ತಿಯಾರು ಬೇಡ. ಬಾಡಿಗೆ ವಸೂಲಿ, ತೆರಿಗೆ ಕಟ್ಟುವುದು, ಸೊಸಾಯಿಟಿ ಸಭೆ ಹೀಗೆ ಹೆಸರಿಸಿದ ಕೆಲಸಗಳಿಗೆ ಮಾತ್ರ ವಿಶೇಷ ಮುಖ್ತಿಯಾರು ಸಾಕು. ಮುಖ್ತಿಯಾರು ಪತ್ರದ ಮೇಲೆ ನಡೆದ ಮಾರಾಟದಿಂದ ಮಾಲೀಕತ್ವ ಬದಲಾಗುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿ ಹೇಳಿದೆ. ಆದರೂ ವ್ಯಾಜ್ಯ ಹೂಡಲು ವಿಮಾನ ಹತ್ತಿ ಬರಬೇಕಾದವರು ತಾವೇ. ಉಯಿಲನ್ನು ಇಬ್ಬರು ಸಾಕ್ಷಿಗಳ ಮುಂದೆ ಬರೆದಿಟ್ಟೇ ಹೊರಡುವುದು ಒಳ್ಳೆಯದು.

ಹಣದ ವಿಷಯಕ್ಕೆ ಬರೋಣ. ಹೊರದೇಶದಲ್ಲಿ ನೆಲಸಲು ಹೋದವರನ್ನು ವಿದೇಶೀ ವಿನಿಮಯದ ಕಾಯ್ದೆ ಹೊರಟ ದಿನದಿಂದಲೇ ಅನಿವಾಸಿ ಎಂದು ಎಣಿಸುತ್ತದೆ. ಆದಾಯ ತೆರಿಗೆಯವರು ವರ್ಷದಲ್ಲಿ ಎಷ್ಟು ದಿನ ಇಲ್ಲಿದ್ದಿರಿ ಎಂದು ದಿನ ಎಣಿಸುತ್ತಾರೆ. ಎರಡೂ ಬೇರೆ ಬೇರೆ. ಬ್ಯಾಂಕಿಗೆ ತಿಳಿಸಿ ಉಳಿತಾಯ ಖಾತೆಯನ್ನು ಎನ್.ಆರ್.ಓ. ಖಾತೆಯಾಗಿ ಬದಲಾಯಿಸಬೇಕು. ಪಿಂಚಣಿ, ಬಾಡಿಗೆ, ಬಡ್ಡಿ ಎಲ್ಲವೂ ಅದರಲ್ಲಿ ಜಮೆಯಾಗಬಹುದು. ಈ ಚಾಲ್ತಿ ವರಮಾನವನ್ನು ತೆರಿಗೆ ಕಟ್ಟಿ ಹೊರಗೆ ಒಯ್ಯಲು ತಡೆಯಿಲ್ಲ. ಕೂಡಿಟ್ಟ ಗಂಟು, ಮನೆ ಮಾರಿದ ಹಣ ಇವನ್ನು ಆರ್ಥಿಕ ವರ್ಷವೊಂದಕ್ಕೆ ಹತ್ತು ಲಕ್ಷ ಡಾಲರಿನವರೆಗೆ ಒಯ್ಯಬಹುದು. ನಮ್ಮಂಥವರಿಗೆ ಆ ಮಿತಿ ತಗಲುವ ಭಯವಿಲ್ಲ! ಆದರೆ ಎನ್.ಆರ್.ಓ. ಖಾತೆಯ ಬಡ್ಡಿಯಿಂದ ನೂರಕ್ಕೆ ಮೂವತ್ತರ ಮೇಲೆ ತೆರಿಗೆ ಹಿಡಿಯುತ್ತಾರೆ. ಹಿರಿಯ ನಾಗರಿಕರು ತೆರಿಗೆ ಹಿಡಿಯಬೇಡಿರೆಂದು ಬ್ಯಾಂಕಿಗೆ ಬರೆದುಕೊಡುವ ಹೇಳಿಕೆಯನ್ನು ಅನಿವಾಸಿ ಕೊಡುವಂತಿಲ್ಲ. ಹೆಚ್ಚಾಗಿ ಹಿಡಿದದ್ದನ್ನು ಲೆಕ್ಕಪತ್ರ ಸಲ್ಲಿಸಿ ಹಿಂದಕ್ಕೆ ಪಡೆಯಬೇಕು. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಹೊಸ ಖಾತೆ ತೆರೆಯಲಾಗುವುದಿಲ್ಲ, ಪಿ.ಪಿ.ಎಫ್. ಇದ್ದರೆ ಅವಧಿ ಮುಗಿಯುವ ತನಕ ನಡೆಸಬಹುದು, ಮುಂದಕ್ಕೆ ಬೆಳೆಸುವಂತಿಲ್ಲ.

ಅಲ್ಲಿನ ಸರಕಾರದ ಕಡೆಯಿಂದಲೂ ಒಂದು ಕಟ್ಟಳೆ ಇದೆ. ಗ್ರೀನ್ ಕಾರ್ಡು ಪಡೆದವನು ಪ್ರಪಂಚದ ಯಾವ ಮೂಲೆಯಲ್ಲಿ ವರಮಾನ ಬಂದರೂ ಅಲ್ಲಿ ಲೆಕ್ಕ ಒಪ್ಪಿಸಬೇಕು. ನಮ್ಮ ಪಿಂಚಣಿಯೂ, ಇಲ್ಲಿಯ ಬಡ್ಡಿಯೂ ಅದರಲ್ಲಿ ಸೇರಿದವು. ಎರಡು ದೇಶಗಳ ನಡುವೆ 1989ರಲ್ಲಿ ಆದ ಒಪ್ಪಂದದಿಂದ ಒಂದೇ ಹಣಕ್ಕೆ ಎರಡು ಸಲ ಪೂರಾ ತೆರಿಗೆ ಬೀಳದಂತೆ ನೋಡಿಕೊಳ್ಳಬಹುದು, ಲೆಕ್ಕ ತೋರಿಸುವ ಕೆಲಸ ಮಾತ್ರ ತಪ್ಪದು. ವರ್ಷದ ಯಾವುದೇ ಒಂದು ದಿನ ಭಾರತದ ಎಲ್ಲ ಬ್ಯಾಂಕು ಖಾತೆಗಳ, ಠೇವಣಿಗಳ ಒಟ್ಟು ಮೊತ್ತ 10,000 ಡಾಲರು ದಾಟಿದರೆ ಅವುಗಳ ಪಟ್ಟಿಯನ್ನು ಬೇರೆಯಾಗಿ ಸಲ್ಲಿಸಬೇಕು. ಪ್ರಾವಿಡೆಂಟ್ ಫಂಡಿನ ಗಂಟನ್ನು ಠೇವಣಿಯಿಟ್ಟ ಯಾವ ಗುಮಾಸ್ತನೂ ಈ ಮಿತಿಯನ್ನು ದಾಟಿಯೇ ಇರುತ್ತಾನೆ. ಮಗನ ಹೆಸರನ್ನು ಜಂಟಿಯಾಗಿ ಸೇರಿಸಿದ್ದರೆ ಅವನೂ ತೋರಿಸಬೇಕು. ತೆರಿಗೆಯೇ ಬೀಳದಿದ್ದರೂ ಪಟ್ಟಿ ಕೊಡದಿದ್ದುದಕ್ಕೆ ದಂಡ ದೊಡ್ಡದು. ಭಾರತದ ಮ್ಯೂಚುವಲ್ ಫಂಡುಗಳ ಲೆಕ್ಕ ಅಲ್ಲಿ ಬಹಳ ತೊಡಕಿನದು. ಕಾರ್ಡು ಕೈಗೆ ಬರುವ ಮೊದಲೇ ಅವನ್ನು ಮುಗಿಸುವುದು ಲೇಸು.

ಪಿಂಚಣಿಯ ಬಗ್ಗೆ ಎರಡು ಮಾತು. ಎಲ್ಲಿ ನೆಲಸಿದರೂ ಅದು ನಿಲ್ಲುವುದಿಲ್ಲ, ನಾವು ಬದುಕಿದ್ದೇವೆಂದು ವರ್ಷಕ್ಕೊಮ್ಮೆ ತೋರಿಸಿದರೆ ಸರಿ. ಸರಕಾರೀ ಪಿಂಚಣಿದಾರರಿಗೆ ಅದು ನವೆಂಬರ್ ತಿಂಗಳ ಕೆಲಸ. 80 ದಾಟಿದ ಕೇಂದ್ರ ಪಿಂಚಣಿದಾರರು ಅಕ್ಟೋಬರಿನಿಂದಲೇ ಕೊಡಬಹುದು. ಪ್ರಾವಿಡೆಂಟ್ ಫಂಡಿನ ಪಿಂಚಣಿಯವರಿಗೆ ಕೊಟ್ಟ ದಿನದಿಂದ ಹನ್ನೆರಡು ತಿಂಗಳು ನಡೆಯುತ್ತದೆ. 2014ರಲ್ಲಿ ಬಂದ ಜೀವನ್ ಪ್ರಮಾಣ್ ವ್ಯವಸ್ಥೆಯಲ್ಲಿ 2021ರಿಂದ ಫೋನಿನ ಮುಂದೆ ಮುಖ ತೋರಿಸಿ ಮುಗಿಸುವ ಅನುಕೂಲವಿದೆ. ಅದು ಕೂಡಿಬರದಿದ್ದರೆ ವಾಷಿಂಗ್ಟನ್ನಿನ ರಾಯಭಾರ ಕಚೇರಿಯಲ್ಲಿ, ಅಥವಾ ನ್ಯೂಯಾರ್ಕ್, ಷಿಕಾಗೊ, ಹ್ಯೂಸ್ಟನ್, ಅಟ್ಲಾಂಟಾ, ಸ್ಯಾನ್ ಫ್ರಾನ್ಸಿಸ್ಕೊ, ಸಿಯಾಟಲ್ ನಗರಗಳ ಭಾರತೀಯ ದೂತಾವಾಸಗಳಲ್ಲಿ ಕಾಗದಕ್ಕೆ ಮೊಹರು ಹಾಕಿಸಿ ಕಳಿಸಬಹುದು. ಇದಕ್ಕಿಂತ ಮುಖ್ಯವಾದ ಕೆಲಸವೊಂದಿದೆ: ಪಿಂಚಣಿ ಆದೇಶ ಪುಸ್ತಕದಲ್ಲಿ ಹೆಂಡತಿಯ ಹೆಸರೂ ಜನ್ಮದಿನಾಂಕವೂ ಪಾಸ್‌ಪೋರ್ಟು, ಆಧಾರ್‌ಗಳಿಗೆ ಸರಿಹೊಂದುತ್ತವೆಯೋ ನೋಡಿಕೊಳ್ಳಬೇಕು. ಒಂದು ಅಕ್ಷರದ ವ್ಯತ್ಯಾಸವನ್ನು ಇಲ್ಲಿದ್ದಾಗ ಒಂದು ಬೆಳಗ್ಗೆ ಹೋಗಿ ತಿದ್ದಿಸಬಹುದು. ಯಜಮಾನರು ತೀರಿಕೊಂಡ ಮೇಲೆ ಪರದೇಶದಿಂದ ಅದನ್ನು ತಿದ್ದಿಸುವುದು ಆ ತಾಯಿಗೆ ಎಷ್ಟು ಕಷ್ಟವೆಂಬುದನ್ನು ಊಹಿಸಿಕೊಳ್ಳಿ. ಭಾರತದ ಮೊಬೈಲ್ ನಂಬರನ್ನು ಸಾಯಲು ಬಿಡಬಾರದು. ಬ್ಯಾಂಕಿನ ಪ್ರತಿಯೊಂದು ವ್ಯವಹಾರಕ್ಕೂ ಅದಕ್ಕೇ ಅಂಕೆ ಬರುತ್ತದೆ.

ಗ್ರೀನ್ ಕಾರ್ಡು ಎಂದರೆ ಬಂದುಹೋಗುವ ಪಾಸು ಅಲ್ಲ. ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ಇರೋಣ ಎಂದು ಬಹಳ ಜನ ಮನಸ್ಸಿನಲ್ಲಿ ಲೆಕ್ಕ ಹಾಕಿರುತ್ತಾರೆ. ಆರು ತಿಂಗಳು ಮೀರಿ ಹೊರಗಿದ್ದರೆ ತಿರುಗಿ ಹೋದಾಗ ಪ್ರಶ್ನೆಗಳು ಬರುತ್ತವೆ, ಪೌರತ್ವಕ್ಕೆ ಬೇಕಾದ ವಾಸದ ಲೆಕ್ಕವೂ ಕಡಿಯಬಹುದು. ವರ್ಷ ಮೀರಿದರೆ ಕಾರ್ಡನ್ನೇ ಬಿಟ್ಟುಕೊಟ್ಟಂತೆ ಎಣಿಸುತ್ತಾರೆ. ಮುಂಚಿತವಾಗಿ, ಅಮೇರಿಕದ ನೆಲದ ಮೇಲಿದ್ದಾಗಲೇ, ಮರುಪ್ರವೇಶದ ಪರವಾನಗಿಗೆ ಅರ್ಜಿ ಹಾಕಿದರೆ ಎರಡು ವರ್ಷದವರೆಗೆ ಹೊರಗಿರಬಹುದು. ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಎರಡು ಮೂರು ತಿಂಗಳು ಊರಿಗೆ ಬಂದುಹೋಗುವವರಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಕಾಯಮ್ಮಾಗಿ ಹಿಂದಕ್ಕೆ ಬಂದರೆ ಕಾರ್ಡನ್ನು ಬರವಣಿಗೆಯಲ್ಲಿ ಒಪ್ಪಿಸಿಯೇ ಬರಬೇಕು, ಇಲ್ಲವಾದರೆ ತೆರಿಗೆಯ ಬಂಧನ ಮುಂದುವರಿಯುತ್ತದೆ.

ಐದು ವರ್ಷದ ಮೇಲೆ ಪೌರತ್ವಕ್ಕೆ ಅರ್ಜಿ ಹಾಕಬಹುದು, ಇಂಗ್ಲಿಷಿನಲ್ಲಿ ಪರೀಕ್ಷೆಯುಂಟು. ಕಚೇರಿಯಲ್ಲಿ ಕಾಗದ ಬರೆದ ಯಜಮಾನರಿಗೆ ಅದು ಕಷ್ಟವಲ್ಲ. ಕನ್ನಡವೊಂದೇ ಬಲ್ಲ ಮನೆಯಾಕೆಗೆ ಮಾತ್ರ ಹಾಗಲ್ಲ. ವಯಸ್ಸಿನ ಕಾರಣದ ಭಾಷೆಯ ರಿಯಾಯಿತಿ 55 ಮೀರಿ 15 ವರ್ಷ, ಅಥವಾ 50 ಮೀರಿ 20 ವರ್ಷ ಕಾರ್ಡು ಹೊಂದಿ ಅಲ್ಲಿದ್ದವರಿಗೆ. ಪೌರರಾದ ಕೂಡಲೇ ಭಾರತದ ಪೌರತ್ವ ಹೋಗುತ್ತದೆ, ನಮ್ಮಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ. ಓ.ಸಿ.ಐ. ಕಾರ್ಡು ಪಡೆದು ಯಾವಾಗ ಬೇಕಾದರೂ ಬಂದಿರಬಹುದು; ಮತದಾನ ಮಾಡುವಂತಿಲ್ಲ.

ಬೇರೆ ದೇಶಗಳ ಮಾತನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇವೆ. ಕೆನಡಾದಲ್ಲಿ ತಂದೆತಾಯಿಗಳಿಗೆ ಸೂಪರ್ ವೀಸಾ ಎಂಬುದಿದೆ; 2022ರಿಂದ ಒಂದು ಸಲ ಹೋದರೆ ಐದು ವರ್ಷದವರೆಗೆ ಇರಬಹುದು, ಕನಿಷ್ಠ ಒಂದು ಲಕ್ಷ ಕೆನಡಾ ಡಾಲರಿನ ಆರೋಗ್ಯ ವಿಮೆ ಕಡ್ಡಾಯ. ಇಲ್ಲಿಯ ಮನೆ, ಪಿಂಚಣಿ ಹಾಗೆಯೇ ಇಟ್ಟುಕೊಂಡು ಮಕ್ಕಳ ಜೊತೆಗಿರಬೇಕೆನ್ನುವವರಿಗೆ ಅದು ಅನುಕೂಲವಾಗಿ ಕಾಣುತ್ತದೆ. ಆಸ್ಟ್ರೇಲಿಯದಲ್ಲಿ ಬೇಗ ಸಿಕ್ಕುವ ವರ್ಗಕ್ಕೆ ತಲೆಗೆ 40 ಸಾವಿರ ಆಸ್ಟ್ರೇಲಿಯ ಡಾಲರಿಗೂ ಮಿಗಿಲಾದ ಶುಲ್ಕ, ಆ "ಬೇಗ" ಎಂಬುದೂ ವರ್ಷಗಳ ಲೆಕ್ಕವೇ. ಬ್ರಿಟನ್ನಿನಲ್ಲಿ 2012ರಿಂದ, ಸ್ವಂತ ಊರಿನಲ್ಲಿ ಹಣ ಕೊಟ್ಟರೂ ಶುಶ್ರೂಷೆ ಸಿಕ್ಕದಂಥ ಸ್ಥಿತಿಯಲ್ಲಿರುವ ತಂದೆತಾಯಿಗಳಿಗೆ ಮಾತ್ರ ಅವಕಾಶ. ಅದನ್ನು ರುಜುವಾತು ಮಾಡುವುದು ಬಹಳ ಕಷ್ಟ.

ಕಾಗದಪತ್ರದ ಹೊರಗಿನ ಒಂದು ಸಂಗತಿ ಉಳಿಯಿತು. ಅಮೇರಿಕದ ಬಹುತೇಕ ಊರುಗಳಲ್ಲಿ ಕಾರು ನಡೆಸಲು ಬಾರದವನು ಮನೆಯಲ್ಲೇ ಕೂರಬೇಕು. ಹಾಲಿಗೆ, ದೇವಸ್ಥಾನಕ್ಕೆ, ಕ್ಷೌರಕ್ಕೆ ಎಲ್ಲದಕ್ಕೂ ಮಗನ ಬಿಡುವು ಕಾಯಬೇಕು. ಮುಂಬಯಿಯ ಲೋಕಲ್ ರೈಲಿನಲ್ಲಿ ನಲವತ್ತು ವರ್ಷ ನೇತಾಡಿದವರಿಗೆ ಈ ಮೌನ ಹೇಗಾದೀತು? ಹಗಲೆಲ್ಲ ಮಗ ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ. ಎಳೆಯ ಮೊಮ್ಮಗುವನ್ನು ನೋಡಿಕೊಳ್ಳಲೆಂದೇ ಕರೆಸಿದ್ದರೆ ಆ ಮಗು ಶಾಲೆಗೆ ಸೇರಿದ ಮೇಲೆ ತಮ್ಮ ದಿನ ಹೇಗೆ ಕಳೆದೀತೆಂದು ಮೊದಲೇ ಕುಳಿತು ಮಾತಾಡಿಕೊಳ್ಳಬೇಕು. ತಿಂಗಳ ಔಷಧದ ಖರ್ಚು ಯಾರದು, ವರ್ಷಕ್ಕೊಮ್ಮೆ ಊರಿಗೆ ಬರುವ ಟಿಕೆಟ್ಟು ಯಾರದು, ಇಬ್ಬರಲ್ಲಿ ಒಬ್ಬರು ಹೋದ ಮೇಲೆ ಉಳಿದವರು ಎಲ್ಲಿರಬೇಕು ಎಂಬ ಮಾತುಗಳನ್ನು ಮಗನೊಡನೆ ಮಾತ್ರವಲ್ಲ, ಸೊಸೆಯೊಡನೆಯೂ ಆಡಿರಬೇಕು. ಸಂಕೋಚದಿಂದ ಬಿಟ್ಟ ಮಾತು ಮುಂದೆ ಅಡಿಗೆಮನೆಯಲ್ಲಿ ಬೇರೆ ರೂಪದಲ್ಲಿ ಹೊರಬೀಳುತ್ತದೆ.

ದೊಡ್ಡ ನಗರಗಳ ಸುತ್ತ ಕನ್ನಡ ಕೂಟಗಳಿವೆ, ಅವುಗಳ ಒಕ್ಕೂಟವಾಗಿ "ಅಕ್ಕ" ಎಂಬ ಸಂಸ್ಥೆಯೂ ಇದೆ. ಯುಗಾದಿ, ರಾಜ್ಯೋತ್ಸವಗಳಿಗೆ ಜನ ಸೇರುತ್ತಾರೆ. ಮಗನ ಮನೆಯಿಂದ ಅಂಥ ಕೂಟ ಎಷ್ಟು ಮೈಲಿ, ಕರೆದೊಯ್ಯುವವರು ಯಾರು ಎಂದು ವಿಚಾರಿಸುವುದು ವ್ಯರ್ಥವಲ್ಲ. ಎಲ್ಲಕ್ಕಿಂತ ಮೊದಲು, ಕಾಯಂ ಅರ್ಜಿಯ ಮಾತೆತ್ತುವ ಮುನ್ನ, ಭೇಟಿಯ ವೀಸಾದಲ್ಲಿ ಒಮ್ಮೆ ಹೋಗಿ ಇದ್ದು ಬನ್ನಿ. ಎಲ್ಲರೂ ಹೋಗುವ ಬೇಸಿಗೆಯಲ್ಲಿ ಬೇಡ. ನವೆಂಬರಿನಿಂದ ಮಾರ್ಚಿಯವರೆಗೆ, ನಾಲ್ಕೂವರೆಗೆ ಕತ್ತಲಾಗುವ ದಿನಗಳಲ್ಲಿ ಹೋಗಿ. ವಿಮೆ ಮಾಡಿಸಿಯೇ ಹೊರಡಿ, ಹೊರಡುವ ಮೊದಲು ಜೀವಿತ ಪ್ರಮಾಣಪತ್ರವನ್ನು ಬ್ಯಾಂಕಿಗೆ ಕೊಟ್ಟಿರಿ.